ಹನ್ನೊಂದು ದೀಪ

ವಿಡಿಯೋ ಗೇಮ್ ಒಂದರಲ್ಲಿ, ಆಟ ಶುರುವಾದ ಮಂಗಳವಾರವೇ ಪುಟ್ಟ ನೌಕೆಯೊಂದು ಮರಳುವ ದಾರಿಯ ಗುರುತಿಗೆ ತನ್ನ ಗ್ರಹದಲ್ಲೊಂದು ದೀಪ ಹಚ್ಚಿಟ್ಟು ಸಾಮ್ರಾಜ್ಯ ಬೆಳೆಸಲು ಹೊರಟಿತು. ಸಿಕ್ಕಿದ ಪ್ರತಿ ನಕ್ಷತ್ರದಲ್ಲೂ "ಇದು ನಮ್ಮದು" ಎಂದು ಒಂದೊಂದು ದೀಪ ಹಚ್ಚಿಟ್ಟು, ಹನ್ನೊಂದನೆಯದೂ ಮುಗಿದ ಮೇಲೆ ಬೀಗುತ್ತಾ ಮರಳಿತು. ಮನೆ ಮುಂದೆ ಗುರುತಿಲ್ಲದ ಯುದ್ಧನೌಕೆ ನಿಂತಿತ್ತು.

"ಯಾರಣ್ಣ ನೀವು? ಇಷ್ಟು ದೂರ ದಾರಿ ತಪ್ಪದೆ ಹೇಗೆ ಬಂದ್ರಿ?"

"ನೀನೇ ಸಾಲಾಗಿ ದೀಪ ಇಟ್ಟಿದ್ದೀಯಲ್ಲ ತಮ್ಮಾ. ಒಂದು ಕಡೆಯೂ ಕಾವಲಿಲ್ಲ. ನಮ್ಮ ದಂಡೂ ಅದನ್ನೇ ನೋಡ್ಕೊಂಡು ಹಿಂದೆ ಬರ್ತಿದೆ."

ಯುದ್ಧನೌಕೆ ಅತ್ತ ತಿರುಗಿದ್ದೇ ತಡ, ಪುಟ್ಟ ನೌಕೆ ತನ್ನ ಗ್ರಹದ ದೀಪವನ್ನು ಮೊದಲು ಆರಿಸಿತು.

"ಇದನ್ನೇ ಆರಿಸಿದ್ರೆ ನೀನು ವಾಪಸ್ ಬರೋದು ಹೇಗೋ?" ಎಂದು ಗ್ರಹ ಪಿಸುಗುಟ್ಟಿತು.

"ಆರಿಸೋಕೆ ಇನ್ನೂ ಹನ್ನೊಂದಿದೆ," ಎಂದು ನೌಕೆ ಗಂಟುಮೂಟೆ ಕಟ್ಟತೊಡಗಿತು.