ಚೆಂಡು ಬೀಳುವ ಕಡೆ

ಆಶ್ರಮ ಬಿಟ್ಟು ಹೋಗುವವನು ಬೆಳಗಾಗುತ್ತಲೇ ಹೋಗಿಬಿಡಬೇಕು. ಊಟದ ಹೊತ್ತಿನ ತನಕ ನಿಂತರೆ ಸಾರಿನ ಘಮಕ್ಕೇ ಮನಸ್ಸು ತಿರುಗಿಬಿಡುತ್ತದೆ.

ಚೆನ್ನವೀರನಿಗೆ ಇದು ಗೊತ್ತಿತ್ತು. ಅದಕ್ಕೇ ಹೊತ್ತು ಮೂಡುತ್ತಲೇ ಬಟ್ಟೆಬರೆ ಗಂಟು ಕಟ್ಟಿ, ಹೊಳೆದಂಡೆಯಲ್ಲಿ ಪಂಚೆ ಹಿಂಡುತ್ತಿದ್ದ ಗುರುಪಾದಯ್ಯನವರ ಮುಂದೆ ಬಂದು ನಿಂತ.

"ಬುದ್ಧಿ, ನಾನು ಹೊರಟೆ."

"ಎಲ್ಲಿಗಪ್ಪಾ?"

"ಊರಿಗೆ."

"ಏನಾಯ್ತು?"

"ಏನೂ ಆಗಲಿಲ್ಲ. ಅದಕ್ಕೇ ಹೊರಟಿದ್ದು."

ಗುರುಗಳು ಪಂಚೆ ಒದರಿದರು. ನಾಲ್ಕು ಹನಿ ಚೆನ್ನವೀರನ ಮುಖಕ್ಕೂ ಸಿಡಿದವು.

ಅವನ ಸಂಕಟವೇನೂ ಸುಳ್ಳಲ್ಲ. ಬಂದಾಗಿನಿಂದ ದಿನಾ ನಸುಕಿನಲ್ಲಿ ಧ್ಯಾನಕ್ಕೆ ಕೂರುತ್ತಿದ್ದ. ಕಣ್ಣು ಮುಚ್ಚಿದ್ದೇ ತಡ, ಮನಸ್ಸು ಹಗ್ಗ ಬಿಚ್ಚಿದ ಮೇಕೆಯ ಹಾಗೆ ಪಕ್ಕದವರ ಹೊಲಕ್ಕೆ ನುಗ್ಗುತ್ತಿತ್ತು. ಅರಳಿಕಟ್ಟೆ ಸರಿಯಿಲ್ಲ ಅಂತ ಹೊಳೆಯ ಮೆಟ್ಟಿಲಿಗೆ ಹೋದ. ಮೆಟ್ಟಿಲು ಥಂಡಿ ಅಂತ ಅಡುಗೆಮನೆಯ ಹಿಂದಕ್ಕೆ ಹೋದ. ಅಲ್ಲಿಂದ ಕೊಟ್ಟಿಗೆಯ ಜಗುಲಿಗೆ.

ಅವನು ಹೋದಲ್ಲೆಲ್ಲ ಗುರುಗಳೂ ಅಂಚು ಹರಿದ ತಮ್ಮ ಚಾಪೆ ಹೊತ್ತು ಬಂದು, ಎದುರಿಗೆ ಒಂದಿಷ್ಟು ದೂರದಲ್ಲಿ ಹಾಸಿಕೊಂಡು ಕೂರುತ್ತಿದ್ದರು. ಕಾವಲಿಗೆ ಬರುತ್ತಾರೆ ಅಂತ ಚೆನ್ನವೀರ ತಿಳಿದಿದ್ದ. ಸೋಲುವುದು ಒಂದು ಅವಮಾನ. ಅದನ್ನು ಗುರುಗಳು ಕೂತು ನೋಡುವುದು ಇನ್ನೊಂದು.

"ಒಂದೇ ಒಂದು ಮಾತು ಕೇಳಿ ಹೋಗ್ತೀನಿ ಬುದ್ಧಿ," ಅಂದ. "ದಿನಾ ಸೋಲೋನು ಮಾರನೇ ದಿನ ಯಾವ ಮುಖ ಇಟ್ಕೊಂಡು ಬಂದು ಕೂರಬೇಕು? ತಾಳಿದವನು ಬಾಳಿಯಾನು ಅಂತ ಮಾತ್ರ ಹೇಳ್ಬೇಡಿ. ನಮ್ಮಪ್ಪ ಹೇಳಿ ಹೇಳಿ ಕಿವಿ ತೂತಾಗಿದೆ."

"ನಾನ್ಯಾಕೆ ಹೇಳಲಿ?" ಅಂದರು ಗುರುಗಳು. "ಬಸ್ಸು ಸಂಜೆಗೂ ಇದೆ. ಮಧ್ಯಾಹ್ನ ಹೊಳೆಯಾಚೆ ಹೋಗೋದಿದೆ. ಹೇಗೂ ಆ ಕಡೆಯಿಂದಲೇ ಅಲ್ವಾ ನಿನ್ನ ಬಸ್ಸು? ಚಾಪೆ ಹೊತ್ಕೊಂಡು ಬಾ."

ಆದದ್ದೇನು? ಊಟದ ತನಕ ನಿಂತ. ಎರಡು ಸಲ ಸಾರು ಬಡಿಸಿಕೊಂಡ.

ಗುರುಗಳು ಆಗಾಗ ಹೊಳೆ ದಾಟಿ ಹೋಗುವುದನ್ನು ಅವನು ನೋಡಿದ್ದ. ಯಾರೋ ಭಕ್ತರ ಮನೆಗೆ ಅಂದುಕೊಂಡಿದ್ದ. ತೆಪ್ಪದಲ್ಲಿ ಕೂತ ಮೇಲೆ ತಡೆಯಲಾರದೆ ಕೇಳಿದ.

"ಎಲ್ಲಿಗೆ ಬುದ್ಧಿ?"

"ಕಾಲೇಜಿಗೆ. ಬ್ಯಾಸ್ಕೆಟ್‌ಬಾಲ್ ನೋಡೋಕೆ."

ಚೆನ್ನವೀರ ಬಾಯಿ ಬಿಟ್ಟುಕೊಂಡು ಕೂತ.

"ನಮ್ಮ ಕಾಲೇಜಿನವರು ಚೆನ್ನಾಗಿ ಆಡ್ತಾರಾ?"

"ಈ ವರ್ಷ ಒಂದೂ ಗೆದ್ದಿಲ್ಲ."

"ಒಂದೂ?"

"ಒಂದೂ."

"ಮತ್ಯಾಕೆ ಹೋಗೋದು ಬುದ್ಧಿ?"

"ಅಲ್ಲಿ ಬರೋರನ್ನ ಕೇಳು," ಅಂದರು ಗುರುಗಳು, ಹುಟ್ಟು ಹಾಕುತ್ತಾ. "ನನಗೂ ಹೇಳು."

ಸಿಮೆಂಟಿನ ಅಂಗಳ, ಎರಡು ತುದಿಗೆ ಎರಡು ಕಂಬ, ಕಂಬದ ಮೇಲೆ ಹಲಗೆ, ಹಲಗೆಗೊಂದು ತಳವಿಲ್ಲದ ಬುಟ್ಟಿ. ಮೆಟ್ಟಿಲ ತುಂಬ ಎದುರಾಳಿ ಕಾಲೇಜಿನವರು ತುಂಬಿಕೊಂಡು ಈಗಲೇ ಗೆದ್ದವರ ಹಾಗೆ ಕೂಗುತ್ತಿದ್ದರು. ಈ ಊರಿನವರು ಬೆರಳೆಣಿಕೆಯ ಮಂದಿ. ಅವರು ಮೆಟ್ಟಿಲು ಬಿಟ್ಟು ಒಂದು ಬುಟ್ಟಿಯ ಹಿಂದೆ, ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದರು. ಇಲಿಯಾಸ್ ಅನ್ನುವ ವಿದ್ಯಾರ್ಥಿಯೊಬ್ಬ ಬೆಂಕಿಗೆ ಹಿಡಿದು ತಮಟೆ ಕಾಯಿಸುತ್ತಿದ್ದ.

"ಬನ್ನಿ ಬುದ್ಧಿ, ಜಾಗ ಹಿಡಿದಿದ್ದೀನಿ," ಅಂದಳು ಸಾಕಮ್ಮ. ಕಾಲೇಜಿನ ಗೇಟಿನ ಹತ್ತಿರ ಟೀ ಅಂಗಡಿ ಅವಳದು. ಆಟದ ದಿನ ಅಂಗಡಿಗೆ ಬೀಗ. "ಇವರ್ಯಾರು, ಹೊಸಬರಾ?"

"ಅಲ್ಲಮ್ಮಾ, ಹೋಗೋನು," ಅಂದರು ಗುರುಗಳು.

ಚೆನ್ನವೀರ ತೊಡೆಯ ಮೇಲೆ ಗಂಟು ಇಟ್ಟುಕೊಂಡು ಕೂತ.

ಆಟ ಶುರುವಾಯಿತು. ಅಯ್ಯೋ, ಅದನ್ನು ಆಟ ಅನ್ನುವುದಾದರೆ! ಎದುರಾಳಿಗಳು ಓಡಿ ಹೋಗಿ ಹಾಕಿ ಬರುತ್ತಿದ್ದರು, ಸಂತೆಯಲ್ಲಿ ಚೀಲಕ್ಕೆ ಬದನೆಕಾಯಿ ಹಾಕಿದ ಹಾಗೆ. ನಮ್ಮವರ ಕೈಗೆ ಚೆಂಡು ಸಿಕ್ಕರೆ ಅದು ಎಲ್ಲಿಗೆ ಹೋಗುತ್ತದೋ ಆ ದೇವರಿಗೇ ಗೊತ್ತಿಲ್ಲ.

"ಆ ಉದ್ದನೆಯವನು ಲೋಹಿತ," ಅಂತ ಸಾಕಮ್ಮ ತೋರಿಸಿದಳು. "ಬಂಗಾರದಂಥ ಹುಡುಗ. ಅವನು ಎಸೆದರೆ ಹಲಗೆ ಅಲ್ಲಾಡುತ್ತೆ, ಕಂಬ ಅಲ್ಲಾಡುತ್ತೆ. ಬುಟ್ಟಿ ಒಂದು ಬಿಟ್ಟು."

ಅಷ್ಟು ಹೇಳಿ, ಅವನು ಎಸೆಯಲು ಕೈಯೆತ್ತಿದ ಕೂಡಲೇ ಎದ್ದು ನಿಂತಳು. ಚೆಂಡು ಹಲಗೆಗೆ ಬಡಿದು ಆಚೆ ಬಿತ್ತು. ಕೂತಳು. ಮತ್ತೆ ಕೈಯೆತ್ತಿದ. ಮತ್ತೆ ಎದ್ದಳು.

ಚೆನ್ನವೀರನಿಗೆ ಇದೊಂದು ವಿಚಿತ್ರ ಅನ್ನಿಸಿತು. ಈ ಹೆಂಗಸಿಗೆ ಲೆಕ್ಕ ಬರುವುದಿಲ್ಲವೋ ಏನೋ?

"ಅಮ್ಮಾ, ಎದುರಿನವರದು ನಮ್ಮದರ ಎರಡರಷ್ಟಾಗಿದೆ. ನೋಡಿದ್ರಾ?"

"ಕಣ್ಣಿದೆಯಲ್ಲ ಸ್ವಾಮಿ, ಕಾಣುತ್ತೆ."

"ಸೋಲ್ತಾರೆ ಅಂತ ಗೊತ್ತಿದ್ದೂ ಬರ್ತೀರಲ್ಲ?"

"ಹಿಂದಿನವೆಲ್ಲಾ ಸೋತಿದ್ದಾರೆ, ಅದು ಗೊತ್ತು," ಅಂದಳು ಸಾಕಮ್ಮ. "ಇವತ್ತಿಂದು ಇನ್ನೂ ಆಡ್ತಿದ್ದಾರಲ್ಲ? ಅದು ಹೆಂಗೆ ಗೊತ್ತಾಗುತ್ತೆ?"

ಚೆನ್ನವೀರ ಗುರುಗಳ ಕಡೆ ನೋಡಿದ. ಗುರುಗಳು ಕಡಲೆಕಾಯಿ ಸುಲಿಯುವುದರಲ್ಲಿ ಮುಳುಗಿದ್ದರು.

ಪೀಪಿ ಕೂಗಿತು. ಅರ್ಧ ಆಟ ಮುಗಿದಿತ್ತು. ಈ ಊರಿನವರೆಲ್ಲ ಎದ್ದು ಚಾಪೆ ಕೊಡವಿ ಸುತ್ತತೊಡಗಿದರು. ಇಲಿಯಾಸ್ ತಮಟೆ ಹೆಗಲಿಗೇರಿಸಿದ. ಗುರುಗಳೂ ತಮ್ಮ ಚಾಪೆ ಸುತ್ತಿ ಕಂಕುಳಿಗೆ ಇಟ್ಟುಕೊಂಡು ಅವರ ಹಿಂದೆ ನಡೆದರು.

ಅಂತೂ ಎದ್ದರು, ಅಂದುಕೊಂಡ ಚೆನ್ನವೀರ. ಇವರದೂ ಅಷ್ಟೇ. ಅವನಿಗೆ ಒಂದು ಥರ ಸಮಾಧಾನವೂ ಆಯಿತು, ಜೊತೆಗೆ ಯಾಕೋ ಬೇಜಾರೂ ಆಯಿತು. ಗಂಟು ಸಡಿಲವಾಗಿತ್ತು. ತಲೆ ತಗ್ಗಿಸಿ ಬಿಗಿದು ಕಟ್ಟತೊಡಗಿದ. ಹೋಗೋರು ಹೋಗಲಿ, ಬಸ್ಸು ಬರುವ ತನಕ ನಾನಾದರೂ ನೋಡೋಣ ಅಂತ ಅಲ್ಲೇ ಕೂತ.

ಆಟ ಮತ್ತೆ ಶುರುವಾಯಿತು. ಚೆಂಡು ಅವನ ಕಡೆಗೇ ಹಾರಿ ಬಂತು. ಎತ್ತರದಲ್ಲಿ ತಿರುಗಿ, ಅವನ ತಲೆಯ ಮೇಲಿನ ಬುಟ್ಟಿಯೊಳಕ್ಕೆ ಸದ್ದಿಲ್ಲದೆ ಇಳಿಯಿತು.

ಚೆನ್ನವೀರ ಎಗರಿ ನಿಂತು ಚಪ್ಪಾಳೆ ಹೊಡೆದ. "ಬಿತ್ತು! ಬಿತ್ತು!" ಅಂತ ಕೂಗಿದ.

ಮೆಟ್ಟಿಲ ಮೇಲಿದ್ದ ಎದುರಾಳಿ ಕಾಲೇಜಿನವರು ಹೋ ಅಂತ ನಕ್ಕರು. "ನಮ್ಮ ಸ್ವಾಮಿಗಳಿಗೆ ಜೈ!" ಅಂದರು.

ಅಂಗಳದ ಆ ತುದಿಯಿಂದ ಸಾಕಮ್ಮನ ಗಂಟಲು ಕೇಳಿಸಿತು. "ಅಯ್ಯೋ ಸ್ವಾಮೀ! ಅದು ಈಗ ಅವರ ಬುಟ್ಟಿ! ಇಲ್ಲಿಗೆ ಬನ್ನೀ!"

ನೋಡಿದರೆ ಅವರೆಲ್ಲ ಅಲ್ಲಿದ್ದರು. ಅದೇ ಚಾಪೆಗಳು, ಅದೇ ಸಾಲು, ಆ ಇನ್ನೊಂದು ಬುಟ್ಟಿಯ ಹಿಂದೆ. ಯಾರೂ ಮನೆಗೆ ಹೋಗಿರಲಿಲ್ಲ.

ಚೆನ್ನವೀರನ ಕಿವಿ ಬಿಸಿಯಾಯಿತು. ಗಂಟು ಎತ್ತಿಕೊಂಡು, ಅಂಗಳ ಬಳಸಿಕೊಂಡು ಓಡಿದ. ಅವರು ಸರಿದು ಜಾಗ ಮಾಡಿಕೊಟ್ಟರು.

"ಅರ್ಧ ಆದ ಮೇಲೆ ಬುಟ್ಟಿ ಬದಲಾಗುತ್ತೆ," ಅಂದಳು ಸಾಕಮ್ಮ. "ನಮ್ಮ ಹುಡುಗರು ಈಗ ಈ ಕಡೆ ಹಾಕಬೇಕು. ಅದಕ್ಕೇ ನಾವೂ ಎದ್ದು ಬರ್ತೀವಿ. ಚೆಂಡು ಬೀಳೋ ಕಡೆ ನಾವಿರಬೇಡ್ವಾ?"

"ಬೀಳೋದೇ ಇಲ್ಲವಲ್ಲಮ್ಮಾ!"

ಸಾಕಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬಿದ್ದಾಗ ಇಲ್ಲಿ ಯಾರೂ ಇಲ್ಲದೇ ಹೋದ್ರೆ?"

ಸ್ವಲ್ಪ ಹೊತ್ತಾದ ಮೇಲೆ ಗುರುಗಳು ಮೆಲ್ಲಗೆ ಕೇಳಿದರು.

"ಅಲ್ಲಯ್ಯಾ, ಆಗ ಯಾಕೆ ಹಾಗೆ ಎಗರಿದೆ?"

"ಗೊತ್ತಿಲ್ಲ ಬುದ್ಧಿ. ನಮ್ಮದೇ ಬಿತ್ತು ಅಂದುಕೊಂಡೆ."

"ನಮ್ಮದಾ?" ಅಂದರು ಗುರುಗಳು. ಒಂದು ಹಿಡಿ ಕಡಲೆಕಾಯಿ ಕೊಟ್ಟರು.

ಹೊತ್ತು ಇಳಿಯಿತು. ಇವತ್ತೂ ಸೋಲು ಅನ್ನುವುದು ಕುರುಡನಿಗೂ ಕಾಣುವಷ್ಟು ಸ್ಪಷ್ಟವಾಗಿತ್ತು. ಆಟ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಎದುರಾಳಿಯೊಬ್ಬ ಲೋಹಿತನನ್ನು ತಳ್ಳಿ ಬೀಳಿಸಿದ. ಅಂಪೈರು ಲೋಹಿತನಿಗೆ ಎರಡು ಎಸೆತ ಕೊಟ್ಟ. ಯಾರೂ ಅಡ್ಡ ಬರುವ ಹಾಗಿಲ್ಲ. ಅವನು, ಚೆಂಡು, ಬುಟ್ಟಿ, ಅಷ್ಟೇ.

ಇಲಿಯಾಸ್ ತಮಟೆ ನಿಲ್ಲಿಸಿದ. ಸಾಕಮ್ಮ ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡಳು.

ಮೊದಲನೆಯದು ಹಲಗೆಗೂ ತಗಲಲಿಲ್ಲ.

ಆಗಲೇ ಗೇಟಿನ ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ಅದೇ ಬಸ್ಸು. ಚೆನ್ನವೀರ ಗಂಟು ಹಿಡಿದು ಎದ್ದು ನಿಂತ. ಗುರುಗಳು ತಡೆಯಲಿಲ್ಲ, ಅವನ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ಹೆಜ್ಜೆ ಇಟ್ಟ. ಲೋಹಿತ ಚೆಂಡನ್ನು ನೆಲಕ್ಕೆ ತಟ್ಟುತ್ತಿದ್ದ. ಕಾಲು ಮುಂದೆ ಹೋಗದು. ಕಂಡಕ್ಟರು ವಿಷಲ್ ಊದಿದ. ಚೆನ್ನವೀರ ಗೇಟಿನ ಕಡೆ ತಿರುಗಿದ. ಬಸ್ಸು ಹೊರಟಿತು.

ಅದೇ ಕ್ಷಣ ಬೆನ್ನ ಹಿಂದೆ ತಮಟೆ ಸಿಡಿಯಿತು. ಸಾಕಮ್ಮ ಕಿರುಚಿದಳು. ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು.

"ಬಿತ್ತಾ?" ಅಂತ ಕೇಳಿದ ಚೆನ್ನವೀರ.

"ಬಿತ್ತು," ಅಂದರು ಗುರುಗಳು.

"ಅಯ್ಯೋ, ನಾನು ನೋಡಲಿಲ್ಲವಲ್ಲ ಬುದ್ಧಿ!"

"ನೀನು ನೋಡಲಿಲ್ಲ. ನಾನು ನೋಡಿದೆ."

ಆಟ ಮುಗಿಯಿತು. ಅಂಕದ ಬೋರ್ಡಿನ ಮೇಲೆ ಸೋಲು ಸೋಲಾಗಿಯೇ ಇತ್ತು. ಲೋಹಿತ ಮಾತ್ರ ನಗು ತಡೆಯಲಾರದೆ ಇವರ ಕಡೆ ಓಡಿ ಬಂದು, "ಸಾಕಮ್ಮಾ, ನೋಡಿದ್ರಾ?" ಅಂತ ಕೇಳಿದ. ಸಾಕಮ್ಮ ಅವನ ಕೆನ್ನೆ ಸವರಿ ನೆಟಿಕೆ ಮುರಿದಳು.

ತೆಪ್ಪ ಹೊಳೆಯ ನಡುವೆ ಬಂತು. ಗುರುಗಳ ಚಾಪೆ ಚೆನ್ನವೀರನ ತೊಡೆಯ ಮೇಲಿತ್ತು. ಅದರ ಹರಿದ ಅಂಚನ್ನು ಬೆರಳಿನಲ್ಲಿ ಸವರುತ್ತಾ ಕೂತಿದ್ದ. ಅರಳಿಕಟ್ಟೆ, ಮೆಟ್ಟಿಲು, ಅಡುಗೆಮನೆಯ ಹಿಂದುಗಡೆ, ಕೊಟ್ಟಿಗೆಯ ಜಗುಲಿ. ಎಲ್ಲ ಕಡೆ ಈ ಚಾಪೆ ಬಂದಿತ್ತು.

"ಬುದ್ಧಿ."

"ಏನಪ್ಪಾ?"

"ನಾನು ಧ್ಯಾನಕ್ಕೆ ಕೂತಾಗ ಯಾವಾಗಲಾದರೂ... ಒಂದು ಸಲವಾದರೂ ಬಿತ್ತಾ?"

ಗುರುಗಳು ಹುಟ್ಟು ಹಾಕುತ್ತಲೇ ಇದ್ದರು.

"ಬೆಳಿಗ್ಗೆ ಇನ್ನೊಂದು ಬಸ್ಸಿದೆ," ಅಂದರು.

"ಅದು ಧ್ಯಾನಕ್ಕೆ ಕೂತು ಎದ್ದ ಮೇಲೆ ನೋಡಿದ್ರಾಯ್ತು ಬುದ್ಧಿ."

"ಹಾಗಾದ್ರೆ ಎಲ್ಲಿ ಕೂರ್ತೀಯೋ ಈಗಲೇ ಹೇಳಿಬಿಡು," ಅಂದರು ಗುರುಗಳು. "ನಸುಕಿನಲ್ಲಿ ಚಾಪೆ ಹೊತ್ಕೊಂಡು ನಿನ್ನ ಹುಡುಕೋದು ನನ್ನ ಕೈಲಾಗಲ್ಲ."