ಕಿರುಬೆರಳು ಯಾರ ಕಡೆ

"ಬುದ್ಧೀ, ಗೆಲ್ಲುವ ತನಕ ಒಂದು ಮಾತು, ಗೆದ್ದ ಮೇಲೆ ನ್ಯಾಯ. ಹೀಗೆ ನಡೆದುಕೊಂಡರೆ ತಪ್ಪೇನು?"

ಕೇಳಿದವನು ಶಂಭುಲಿಂಗ. ಮಠದಲ್ಲಿ ಉಂಡು ಮಲಗಿ, ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದ ಹುಡುಗ. ವಿದ್ಯಾರ್ಥಿ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ. ವಿಶ್ವವಿದ್ಯಾಲಯಕ್ಕೆ ಇದ್ದದ್ದು ಒಂದೇ ಬಸ್ಸು. ಸಂಜೆ ಐದಕ್ಕೆ ಅದನ್ನು ಪೇಟೆಗೆ ಬಿಡಿಸುತ್ತೇನೆ ಎಂದು ಹಾಸ್ಟೆಲಿನವರಿಗೆ ಮಾತು ಕೊಟ್ಟಿದ್ದ. ಅದೇ ಐದಕ್ಕೆ ಅದನ್ನು ರೈಲು ನಿಲ್ದಾಣಕ್ಕೆ ಬಿಡಿಸುತ್ತೇನೆ ಎಂದು ದಿನವೂ ಊರಿಂದ ಓಡಾಡುವವರಿಗೆ ಮಾತು ಕೊಟ್ಟಿದ್ದ. ಎರಡು ಕಡೆಯವರೂ ಬೆನ್ನು ತಟ್ಟಿ ಕಳಿಸಿದ್ದರು.

ಮಠದ ಗುರುಗಳು ಪೂರ್ವಾಶ್ರಮದಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿದವರು. ಅವರು ಕೇಳಿದರು, "ಗೆದ್ದ ಮೇಲೆ ಬಸ್ಸು ಎಲ್ಲಿಗಪ್ಪಾ ಹೋಗೋದು?"

"ಒಂದು ದಿನ ಪೇಟೆಗೆ, ಒಂದು ದಿನ ನಿಲ್ದಾಣಕ್ಕೆ. ಯಾರಿಗೂ ಅನ್ಯಾಯವಿಲ್ಲ."

"ಅದನ್ನ ಈಗಲೇ ಹೇಳಿಬಿಡು."

"ಈಗ ಹೇಳಿದರೆ ಯಾರು ಓಟು ಹಾಕ್ತಾರೆ, ಬುದ್ಧೀ? ನನ್ನ ಎದುರು ನಿಂತ ಹುಡುಗಿ ಅದನ್ನೇ ಹೇಳ್ತಿದ್ದಾಳೆ. ಅವಳ ಸಭೆಯಲ್ಲಿ ಅವಳ ಗೆಳತಿಯರನ್ನು ಬಿಟ್ಟರೆ ಮೈಕಿನವನೊಬ್ಬನೇ."

ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಸಂತೆ ನಡೆಯುತ್ತಿತ್ತು. ರೈತರು ಮೆಣಸಿನಕಾಯಿ ತರುತ್ತಿದ್ದರು, ವರ್ತಕರು ಕೊಳ್ಳುತ್ತಿದ್ದರು. ಇಡೀ ಸಂತೆಗೆ ತೊಲೆಗೆ ತೂಗುಹಾಕಿದ ಒಂದೇ ದೊಡ್ಡ ತಕ್ಕಡಿ. ತೂಗುವವನನ್ನು ರೈತರೂ ವರ್ತಕರೂ ಸೇರಿ ಆರಿಸಬೇಕು. ತೂಗುವವನ ಕಿರುಬೆರಳು ತಟ್ಟೆಯ ಹಗ್ಗಕ್ಕೆ ಸೋಕಿದರೆ ಸಾಕು, ತೂಕ ಅತ್ತಿತ್ತ ಆಗುತ್ತದೆ. ಇದು ವ್ಯಾಪಾರ ಬಲ್ಲವರಿಗೆಲ್ಲ ಗೊತ್ತಿದ್ದ ಸಂಗತಿ.

ಮೊದಲಿಂದ ತೂಗುತ್ತಿದ್ದ ಹಳಬ ತೀರಿಕೊಂಡ. ಆ ಕೆಲಸಕ್ಕೆ ಇಬ್ಬರು ಮುಂದೆ ಬಂದರು. ಮೊದಲನೆಯವನು, "ಮುಳ್ಳು ನಿಂತಲ್ಲಿಗೆ ತೂಕ" ಎಂದ. ಜನ ಆಕಳಿಸಿದರು.

ಎರಡನೆಯವನು ರೈತರ ಗಾಡಿಗಳ ಹತ್ತಿರ ಹೋದ. "ನಾನೂ ಒಕ್ಕಲು ಮಗ. ನನ್ನ ಕಿರುಬೆರಳು ನಿಮ್ಮ ಕಡೆ" ಎಂದು ಪಿಸುಗುಟ್ಟಿದ. ಅಲ್ಲಿಂದ ಎದ್ದು ವರ್ತಕರ ಅಂಗಡಿಗೆ ಹೋದ. "ನಿಮ್ಮ ಉಪ್ಪು ತಿಂದವನು, ಸಾಹುಕಾರ್ರೇ. ನನ್ನ ಕಿರುಬೆರಳು ನಿಮ್ಮ ಕಡೆ" ಎಂದ.

ಆರಿಸುವ ದಿನ ಅವನ ಹೆಸರು ಕೂಗಿದರು. ರೈತರು ಕೈ ಎತ್ತಿದರು. ವರ್ತಕರೂ ಎತ್ತಿದರು. ವರ್ತಕರ ಕೈ ನೋಡಿ ರೈತರು, ಪಾಪ, ಇವರಿಗೆ ಗೊತ್ತಿಲ್ಲ ಎಂದುಕೊಂಡರು. ರೈತರ ಕೈ ನೋಡಿ ವರ್ತಕರೂ ಹಾಗೆಯೇ ಅಂದುಕೊಂಡರು. ಎಲ್ಲರೂ ನಗುನಗುತ್ತಾ ಮನೆಗೆ ಹೋದರು.

ಗೆದ್ದವನು ಕೆಟ್ಟವನೇನಲ್ಲ. ಕೆಲಸ ಕೈಗೆ ಬಂದ ಮೇಲೆ ನೆಟ್ಟಗೆ ತೂಗಬೇಕು ಎಂದು ಮೊದಲೇ ನಿಶ್ಚಯ ಮಾಡಿಕೊಂಡಿದ್ದ. ಮೊದಲ ಸಂತೆಯಲ್ಲಿ ಒಬ್ಬ ರೈತ ಚೀಲ ಇಟ್ಟ. ಕೊಳ್ಳುವ ವರ್ತಕ ಎದುರು ನಿಂತ. ತೂಗುವವನು ತೂಕದ ಕಲ್ಲು ಇಟ್ಟು ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. ಮುಳ್ಳು ನಡುವೆ ನಿಂತಿತು.

ರೈತ ಸಿಡಿದ. "ಏನಯ್ಯಾ, ಮನೇಲಿ ತೂಗಿದಷ್ಟೇ ಇದೆಯಲ್ಲ! ಎಲ್ಲಿ ಹೋಯ್ತು ನಿನ್ನ ಬೆರಳು?"

ವರ್ತಕ ತಿರುಗಿದ. "ಓಹೋ! ಅವನಿಗೂ ಬೆರಳು ತೋರಿಸಿದ್ಯೇನೋ? ನನ್ನ ಚೀಲದಲ್ಲೂ ಒಂದು ಕಾಯಿ ಹೆಚ್ಚು ಬಂದಿಲ್ಲ!"

"ದೇವರಾಣೆಗೂ ಯಾರ ಕಡೆಗೂ ಬೆರಳಿಟ್ಟಿಲ್ಲ. ಇದು ಸರಿಯಾದ ತೂಕ."

"ಸರಿಯಾದ ತೂಕಕ್ಕೆ ನೀನೇ ಯಾಕೆ ಬೇಕಿತ್ತು? ಮುಳ್ಳು ನಿಂತಲ್ಲಿಗೆ ತೂಕ ಅಂದವನಿದ್ದನಲ್ಲ!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು.

ಆಮೇಲೆ ಅವನು ತೂಗಿದ ಯಾವ ತೂಕವನ್ನೂ ಯಾರೂ ಒಪ್ಪಲಿಲ್ಲ. ಮುಳ್ಳು ನಡುವೆ ನಿಂತಷ್ಟೂ ಅನುಮಾನ ಹೆಚ್ಚಿತು. ಕೈ ಬೆನ್ನ ಹಿಂದಿದ್ದರೆ ಕಾಲಿನಲ್ಲಿ ಏನೋ ಮಾಡುತ್ತಾನೆ ಎಂದರು. ಮಧ್ಯಾಹ್ನದೊಳಗೆ ರೈತರು ಗಾಡಿ ಹೂಡಿಕೊಂಡು ಪಕ್ಕದ ಊರಿನ ಸಂತೆಗೆ ಹೊರಟರು. ಸರಕು ಹೋದ ದಾರಿಯಲ್ಲೇ ವರ್ತಕರೂ ಹೋದರು. ಆ ಊರಿನಲ್ಲಿ ಮತ್ತೆ ಸಂತೆ ಸೇರಲಿಲ್ಲ.

ಗುರುಗಳು ಇಷ್ಟಕ್ಕೆ ಕತೆ ಮುಗಿಸಿದರು.

ಶಂಭುಲಿಂಗನಿಗೆ ಸಮಾಧಾನವಾಗಲಿಲ್ಲ. "ಆದರೂ ಬುದ್ಧೀ, ಅವನು ತೂಗಿದ್ದು ನೆಟ್ಟಗೇ ಅಲ್ಲವೇ? ಕಣ್ಣೆದುರಿಗೇ ಮುಳ್ಳು ನಡುವೆ ನಿಂತಿತ್ತು. ಒಂದು ಸಲವಾದರೂ ಅವರು ಅವನನ್ನು ನಂಬಬಾರದಿತ್ತೇ?"

"ನಂಬಿದ್ದರಲ್ಲಪ್ಪಾ, ಕಳ್ಳ ಅಂತ ನಂಬಿಯೇ ಕೈ ಎತ್ತಿದ್ದರು."