ಬಿರಡೆ ಕಟ್ಟುವ ಕೆಂಜಳಿಲು

ಪಿಕ್ನಿಕ್ಕಿಗೆ ಬಂದವರು ಖಾಲಿ ಶೀಸೆಗಳನ್ನು ಎಸೆದುಹೋಗುವ ಒಂದು ಕಾಡಿನಲ್ಲಿ, ಬಿಯರ್ ಮಾಡಬಲ್ಲ ಕರಡಿಯೊಂದಿತ್ತು. ವರ್ಷಕ್ಕೊಮ್ಮೆ ಅದು ರಾಗಿಯನ್ನು ಮೊಳಕೆ ಕಟ್ಟಿ, ಬೇಯಿಸಿ, ಹುದುಗು ಬರಿಸಿ ಆ ಶೀಸೆಗಳಿಗೆ ತುಂಬುತ್ತಿತ್ತು. ಬಿರಡೆ ಹಾಕಿ ನಾರಿನಿಂದ ಕಟ್ಟುವ ಕೆಲಸ ಮಾತ್ರ ಕೆಂಜಳಿಲಿನದು. ಕರಡಿಯ ದಪ್ಪ ಉಗುರಿಗೆ ಗಂಟು ಒಗ್ಗುತ್ತಿರಲಿಲ್ಲ.

ಮೊದಲ ಎಂಟು ದಿನ ಅಳಿಲು ಗಂಟನ್ನು ಸಡಿಲವಾಗಿಯೇ ಬಿಡುತ್ತಿತ್ತು. ದಿನವೂ ಬೆಳಿಗ್ಗೆ ಪ್ರತಿ ಶೀಸೆಗೂ ಕಿವಿಯಿಟ್ಟು ಕೇಳಿ, ಬಿರಡೆಯನ್ನು ಕೊಂಚ ಎತ್ತುತ್ತಿತ್ತು. ಬುಸ್ಸೆಂದು ಗಾಳಿ ಹೊರಬೀಳುತ್ತಿತ್ತು. ಒಂಬತ್ತನೆಯ ದಿನ ಬಿಗಿಯಾಗಿ ಕಟ್ಟುತ್ತಿತ್ತು. ಆರು ವರ್ಷಗಳಲ್ಲಿ ಒಂದು ಶೀಸೆಯೂ ಒಡೆದಿರಲಿಲ್ಲ.

ಆ ಬಿಯರ್ ಮೇಲೆ ನರಿಗೆ ಕಣ್ಣಿತ್ತು.

"ಕರಡಿಯಣ್ಣ, ನಿನ್ನ ಬಿಯರ್ ಶೀಸೆಗೆ ಹೋಗ್ತಿದೆಯೋ, ಅಳಿಲಕ್ಕನ ಹೊಟ್ಟೆಗೋ?" ಎಂದಿತು.

"ಏನೋ ಹಾಗಂದ್ರೆ?"

"ದಿನಾ ಬಿರಡೆ ಎತ್ತೋದು ಯಾಕೆ? ಮೀಸೆ ಮೇಲಿನ ನೊರೆ ನೋಡಿಲ್ವಾ?"

ಮರುದಿನ ನರಿಯ ಎದುರೇ ಕರಡಿ ಅಳಿಲನ್ನು ಕರೆಯಿತು. "ಎಲ್ಲಿ, ಬಾಯಿ ತೆಗಿ. ಮೂಸಿ ನೋಡ್ತೀನಿ."

ಅಳಿಲು ಒಂದು ಗಳಿಗೆ ಕರಡಿಯ ಮುಖವನ್ನೇ ನೋಡಿತು. ಆಮೇಲೆ ಬಾಯಿ ತೆರೆಯಿತು. ನೇರಳೆ ಹಣ್ಣಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ.

"ತೊಳ್ಕೊಂಡು ಬಂದಿರ್ತಾಳೆ," ಎಂದಿತು ನರಿ. ಕರಡಿ ಅಲ್ಲವೆನ್ನಲಿಲ್ಲ.

"ಒಂಬತ್ತನೇ ದಿನದವರೆಗೂ ಬಿಗಿ ಮಾಡಬೇಡ, ಅಣ್ಣ. ಒಳಗಿನ ಗಾಳಿಗೆ ದಾರಿ ಬೇಕು," ಎಂದಷ್ಟೇ ಹೇಳಿ ಅಳಿಲು ಮರ ಹತ್ತಿತು.

"ಕದಿಯೋರಿಗೂ ದಾರಿ ಬೇಕಲ್ಲ!" ಎಂದು ನರಿ ನಕ್ಕಿತು. ಅಂದೇ ಕಾವಲನ್ನು ತಾನು ವಹಿಸಿಕೊಂಡು, ಎಲ್ಲ ಬಿರಡೆಗಳನ್ನೂ ಎರಡೆರಡು ಸುತ್ತು ಬಿಗಿದು ಕಟ್ಟಿತು.

ಹಾಗೆ ಕಟ್ಟಿದ ನಾಲ್ಕನೆಯ ದಿನ ಮಧ್ಯಾಹ್ನ ಕರಡಿ ಗೆದ್ದಲು ತಿನ್ನಲು ಹೋಗಿತ್ತು. ನರಿ ಒಂದು ಶೀಸೆಯನ್ನು ತಬ್ಬಿಕೊಂಡು ನಾರನ್ನು ಹಲ್ಲಿನಿಂದ ಕಡಿಯಿತು. ಬಿರಡೆ ಸಿಡಿದು ಅದರ ಎರಡು ಕೋರೆಹಲ್ಲುಗಳು ಮುರಿದವು. ಕೈಜಾರಿದ ಶೀಸೆ ಉಳಿದವುಗಳ ಮೇಲೆ ಬಿತ್ತು. ಒಂದರ ಹಿಂದೊಂದು ಎಲ್ಲವೂ ಸಿಡಿದವು. ಬಾಯಿ ಮುಚ್ಚಿಕೊಂಡು ಓಡಿದ ನರಿ ಮತ್ತೆ ಆ ಕಾಡಿಗೆ ಬರಲಿಲ್ಲ.

ಕರಡಿ ಮರಳಿದಾಗ ಗಾಜಿನ ಚೂರುಗಳ ನಡುವೆ ನೊರೆ ಮಣ್ಣಿಗೆ ಇಂಗುತ್ತಿತ್ತು. ಅಲ್ಲೇ ಬಿದ್ದಿದ್ದ ನರಿಯ ಮುರಿದ ಹಲ್ಲುಗಳನ್ನೂ ಅದು ಕಂಡಿತು. ಆಮೇಲೆ ಅಳಿಲಿನ ಮರದ ಕೆಳಗೆ ಹೋಯಿತು.

"ತಪ್ಪಾಯ್ತು, ಅಳಿಲಕ್ಕ. ಕೋಪ ಬಿಟ್ಟು ಬಾ."

"ಕೋಪ ಇಲ್ಲಣ್ಣ."

"ಮತ್ತೆ?"

"ಆರು ವರ್ಷ ನೀನು ನನ್ನ ಕೈಕೆಲಸ ನೋಡಿದ್ದೆ. ಆದ್ರೂ ನನ್ನ ಬಾಯಿ ಮೂಸಿದೆ. ಇನ್ನು ಬಿರಡೆ ಕಟ್ಟೋಕೆ ಕೂತ್ರೆ ನಂಗೆ ಅದೇ ನೆನಪಾಗುತ್ತೆ."

ಗಂಟು ಹಾಕುವ ಬಗೆಯನ್ನು ಅಳಿಲು ಕೊಂಬೆಯ ಮೇಲಿಂದಲೇ ನಿಧಾನವಾಗಿ ಹೇಳಿಕೊಟ್ಟಿತು. ಇಳಿದು ಬರಲಿಲ್ಲ. ಕರಡಿ ತಲೆಯಾಡಿಸುತ್ತ ಕೇಳಿತು. ಒಂದು ಮಾತೂ ತಲೆಗೆ ಹೋಗಲಿಲ್ಲ.

ನೀತಿ: ಜೊತೆಗಾರರ ಕೆಲಸ ಅರ್ಥವಾಗದಿದ್ದರೆ ಅವರನ್ನೇ ಕೇಳಿ ತಿಳಿಯಬೇಕು. ಅನುಮಾನಿಸಿದ ಮೇಲೆ ಕ್ಷಮೆ ಸಿಕ್ಕೀತು, ಹಳೆಯ ಸಲಿಗೆ ಸಿಗುವುದಿಲ್ಲ.